ಅರೆಪೆಟ್ಟು ತಿಂದ ಹಾವು: 'ಹೀಟ್' 4ಕೆ ಡಿಸ್ಕ್, ಮತ್ತು ನೀಲ್ ಮೆಕಾಲೆಯ ಕೊನೆಯ ತಿರುವು

'ಹೀಟ್' ಎಂಬ ಹಾಲಿವುಡ್ ಕ್ರೈಮ್ ಚಿತ್ರ ನೋಡಿದವರಲ್ಲಿ ಎರಡು ಪಂಗಡ. ಬ್ಯಾಂಕಿನ ಹೊರಗೆ ನಡೆಯುವ ಗುಂಡಿನ ಕಾಳಗದ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ಕೊನೆಯ ಭಾಗದ್ದು. ಎರಡು ಗಂಟೆಗೂ ಮೀರಿ ಒಂದೊಂದು ಹೆಜ್ಜೆಯನ್ನೂ ಅಳೆದು ಇಟ್ಟ ಕಳ್ಳ, ಮೆಚ್ಚಿದ ಹುಡುಗಿ ಕಾರಿನಲ್ಲೇ ಪಕ್ಕದಲ್ಲಿ ಕೂತಿರುವಾಗ, ದೇಶ ಬಿಟ್ಟು ಹೋಗಲು ಎಲ್ಲ ಸಿದ್ಧವಾಗಿರುವಾಗ, ಗಕ್ಕನೆ ಸ್ಟೀರಿಂಗ್ ತಿರುಗಿಸಿ ಹೋಟೆಲೊಂದರಲ್ಲಿ ಅಡಗಿರುವ ಹಳೇ ಶತ್ರುವಿನ ಲೆಕ್ಕ ಚುಕ್ತಾ ಮಾಡಲು ಹೋಗುತ್ತಾನಲ್ಲ, ಇದು ಆ ಮನುಷ್ಯ ಮಾಡುವ ಕೆಲಸವೇ? ಚಿತ್ರಕಥೆ ಮುಗಿಸಬೇಕೆಂದು ಅವನ ತಲೆ ಕೆಡಿಸಿದರೇ?

ಮೈಕಲ್ ಮ್ಯಾನ್ ಬರೆದು ನಿರ್ದೇಶಿಸಿದ, 1995ರಲ್ಲಿ ಬಂದ ಈ ಚಿತ್ರ 170 ನಿಮಿಷದ್ದು. 2022ರಲ್ಲಿ ಇದರ 4ಕೆ ಡಿಸ್ಕ್ ಬಂತು. ಡಿಸ್ಕಿನ ಗುಣದೋಷದ ಮಾತು ಕೊನೆಗಿದೆ. ಅದಕ್ಕೂ ಮೊದಲು ಆ ತಿರುವಿನ ವಿಚಾರಣೆ ಆಗಲೇಬೇಕು. ಚಿತ್ರ ಕೊಳ್ಳಲು ಯೋಗ್ಯವೋ ಅಲ್ಲವೋ ಎಂಬುದು ನಿಂತಿರುವುದೇ ಅದರ ಮೇಲೆ. ಕಥೆ ಪೂರ್ತಿ ಬಯಲಾಗುತ್ತದೆ, ನೋಡದವರು ಇಲ್ಲಿಗೇ ನಿಲ್ಲಿಸಿ ಚಿತ್ರ ನೋಡಿ ಬರುವುದು ಒಳ್ಳೆಯದು.

ನೀಲ್ ಮೆಕಾಲೆಯ ಪಾತ್ರ ರಾಬರ್ಟ್ ಡಿ ನೀರೋ ಅವರದು. ಅವನ ಹುಷಾರಿಗೆ ಮೊದಲ ಸಾಕ್ಷಿ ಹಣ ಸಾಗಿಸುವ ಶಸ್ತ್ರಸಜ್ಜಿತ ವ್ಯಾನಿನ ದರೋಡೆ. ಆಸ್ಪತ್ರೆಯಿಂದ ಕದ್ದ ಆಂಬುಲೆನ್ಸ್ ವ್ಯಾನಿಗೆ ಅಡ್ಡ ನಿಲ್ಲುತ್ತದೆ, ದೊಡ್ಡ ಟೋ ಟ್ರಕ್ ಪಕ್ಕದಿಂದ ಗುದ್ದಿ ವ್ಯಾನನ್ನು ಮಗುಚಿ ಹಾಕುತ್ತದೆ. ಬಾಗಿಲಿಗೆ ಅಳತೆಯಿಟ್ಟು ಅಂಟಿಸಿದ ಸ್ಫೋಟಕ. ಮುಖಕ್ಕೆ ಹಾಕಿ ಆಟದ ಗೋಲ್‌ಕೀಪರ್ ಮುಖವಾಡ. ಪೊಲೀಸರು ಬಂದು ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದು ಮೊದಲೇ ಲೆಕ್ಕವಾಗಿದೆ, ಆ ಲೆಕ್ಕದ ಪ್ರಕಾರ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಿದೆ. ಬೆನ್ನಟ್ಟುವ ಕಾರುಗಳ ಟೈರಿಗೆ ರಸ್ತೆಯ ಮೇಲೆ ಮುಳ್ಳುಪಟ್ಟಿ. ವ್ಯಾನಿನಲ್ಲಿ ನೋಟಿನ ಕಂತೆಗಳು ಬಿದ್ದಿದ್ದರೂ ಯಾರೂ ಮುಟ್ಟುವುದಿಲ್ಲ. ಬೇಕಿರುವುದು ಒಂದು ಲಕೋಟೆ, ಅದರೊಳಗೆ 16 ಲಕ್ಷ ಡಾಲರಿನ ಬಾಂಡ್‌ಗಳು. ಕಣ್ಣೆದುರಿನ ನಗದನ್ನು ಬಿಟ್ಟು ಹೋದವರು ಸಾಮಾನ್ಯ ಕಳ್ಳರಲ್ಲ ಎಂದು ಪೊಲೀಸ್ ಅಧಿಕಾರಿ ವಿನ್ಸೆಂಟ್ ಹ್ಯಾನಾ (ಅಲ್ ಪಚಿನೋ) ಅಂದಾಜು ಹಾಕುವುದೂ ಇದರಿಂದಲೇ.

ಇಷ್ಟು ಅಚ್ಚುಕಟ್ಟಾದ ಕೆಲಸ ಕೆಡುವುದು ಒಬ್ಬನಿಂದ. ಹೊಸದಾಗಿ ಸೇರಿಸಿಕೊಂಡ ವೇನ್‌ಗ್ರೋ. ಸ್ಫೋಟದ ಸದ್ದಿಗೆ ಕಿವಿಯಿಂದ ರಕ್ತ ಸುರಿಯುತ್ತಿರುವ ಕಾವಲುಗಾರರಿಗೆ ಏನು ಹೇಳಿದರೂ ಕೇಳಿಸುತ್ತಿಲ್ಲ. ಅದನ್ನು ಜೊತೆಗಾರನೊಬ್ಬ ಹೇಳಿದರೂ ಕೇಳದೆ ವೇನ್‌ಗ್ರೋ ಅದನ್ನೇ ಧಿಮಾಕು ಎಂದುಕೊಂಡು ಒಬ್ಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಒಂದು ಹೆಣ ಬಿದ್ದ ಮೇಲೆ ಎಲ್ಲರ ಮೇಲೂ ಕೊಲೆ ಕೇಸೇ, ಹಾಗಾಗಿ ಸಾಕ್ಷಿಗಳನ್ನು ಉಳಿಸುವುದರಲ್ಲಿ ಅರ್ಥವಿಲ್ಲ. ಉಳಿದ ಇಬ್ಬರೂ ಸಾಯುತ್ತಾರೆ. ಇದು ಕ್ರೌರ್ಯಕ್ಕಿಂತ ಹೆಚ್ಚಾಗಿ ತಣ್ಣನೆಯ ಲೆಕ್ಕ, ಹ್ಯಾನಾ ಕೂಡ ಸ್ಥಳ ನೋಡಿ ಅದನ್ನೇ ಹೇಳುತ್ತಾನೆ.

ಮುಂದಿನ ದೃಶ್ಯವನ್ನು ಬಹಳ ಜನ ಮರೆತೇಬಿಡುತ್ತಾರೆ. ಹೋಟೆಲೊಂದರಲ್ಲಿ ಕೂತು ಪಾಲು ಮಾತಾಡಿದ ನಂತರ ಗುಂಪು ವೇನ್‌ಗ್ರೋನನ್ನು ಹೊರಗೆ ಪಾರ್ಕಿಂಗ್ ಜಾಗಕ್ಕೆ ಎಳೆದು ತರುತ್ತದೆ. ನೀಲ್ ಅವನನ್ನು ನೆಲಕ್ಕೆ ಕೆಡವಿ ಹೊಡೆದು ಪಿಸ್ತೂಲ್ ತೆಗೆದಿದ್ದಾನೆ. ಆಗ ರಸ್ತೆಯಲ್ಲಿ ಒಂದು ಪೊಲೀಸ್ ಕಾರು ಹಾದುಹೋಗುತ್ತದೆ. ಎಲ್ಲರೂ ತಡೆದು ಅದು ದಾಟಿ ಹೋಗುವುದನ್ನೇ ನೋಡುತ್ತಾರೆ. ತಿರುಗಿ ನೋಡಿದರೆ ನೆಲದ ಮೇಲೆ ವೇನ್‌ಗ್ರೋ ಇಲ್ಲ.

ಅರೆಪೆಟ್ಟು ತಿಂದ ಹಾವನ್ನು ಬಿಡಬಾರದು ಅನ್ನುತ್ತಾರೆ ಹಳ್ಳಿಯಲ್ಲಿ. ಚಿತ್ರದ ಉಳಿದ ಎರಡು ಗಂಟೆಯ ಕೇಡೆಲ್ಲ ಆ ಹಾವಿನಿಂದ. ಮತ್ತು ಆ ಹಾವು ತಪ್ಪಿಸಿಕೊಂಡದ್ದು ನೀಲನ ಹುಷಾರಿನಿಂದಲೇ! ಅವಸರದ ಮನುಷ್ಯನಾಗಿದ್ದರೆ ಪೊಲೀಸ್ ಕಾರನ್ನು ಲೆಕ್ಕಿಸದೆ ಒಂದು ಗುಂಡು ಹೊಡೆದು ಮುಗಿಸುತ್ತಿದ್ದ. ಕೊನೆಯ ತಿರುವನ್ನು ತೂಗಿ ನೋಡುವಾಗ ತಕ್ಕಡಿಯಲ್ಲಿ ಮೊದಲು ಇಡಬೇಕಾದ ಕಲ್ಲು ಇದು. ಕೊನೆಯಲ್ಲಿ ಕಾರು ಸುರಂಗ ದಾಟುತ್ತ ಅವನು ಸ್ಟೀರಿಂಗ್ ತಿರುಗಿಸುವಾಗ ವಾಪಸ್ ಹೋಗುವುದು ಈ ಪಾರ್ಕಿಂಗ್ ಜಾಗಕ್ಕೆ, ಅರ್ಧಕ್ಕೆ ನಿಂತ ಕೆಲಸಕ್ಕೆ.

ಹುಷಾರು ಗೆದ್ದ ದೃಶ್ಯವೂ ಒಂದಿದೆ, ಚಿತ್ರದ ಅತ್ಯುತ್ತಮ ಐದು ನಿಮಿಷಗಳಲ್ಲಿ ಒಂದು. ಬೆಲೆಬಾಳುವ ಲೋಹಗಳನ್ನು ಇಡುವ ಉಗ್ರಾಣ, ಮಧ್ಯರಾತ್ರಿ. ಒಳಗೆ ಕ್ರಿಸ್ (ವಾಲ್ ಕಿಲ್ಮರ್) ತಿಜೋರಿ ಕೊರೆಯುತ್ತಿದ್ದಾನೆ, ಹೊರಗೆ ನೀಲ್ ಕಾವಲು. ಎದುರಿನ ಟ್ರಕ್ಕಿನೊಳಗೆ ಪೊಲೀಸರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಅವರಲ್ಲೊಬ್ಬ ದಣಿದು ಕೂರುವಾಗ ಸಲಕರಣೆ ಟ್ರಕ್ಕಿನ ತಗಡಿಗೆ ತಾಗಿ 'ಟಣ್' ಅನ್ನುತ್ತದೆ. ಅಷ್ಟೇ. ನೀಲ್ ಕತ್ತಲೆಯನ್ನು ದಿಟ್ಟಿಸಿ ನೋಡುತ್ತಾನೆ, ಒಳಗೆ ಹೋಗಿ ಹೊರಡೋಣ ಅನ್ನುತ್ತಾನೆ. ಕ್ರಿಸ್ ಇನ್ನೇನು ತಿಜೋರಿಯೊಳಗೆ ಹೊಕ್ಕುವುದರಲ್ಲಿದ್ದ. ವಾದವಿಲ್ಲ, ಡ್ರಿಲ್ ಬಿಟ್ಟು ಎದ್ದು ಬರುತ್ತಾನೆ. ಹೊರಗೆ ಹ್ಯಾನಾ ಕೂಡ ಅವರನ್ನು ಹೋಗಲು ಬಿಡುತ್ತಾನೆ, ಕಾರಣ ಏನೂ ಕದ್ದಿಲ್ಲ. ಹಿಡಿದರೆ ಬೀಗ ಮುರಿದ ಸಣ್ಣ ಕೇಸು ಮಾತ್ರ. ಒಂದು ಸದ್ದಿಗೆ ಕೈಗೆ ಬಂದ ತುತ್ತನ್ನು ಬಿಟ್ಟು ಹೋದ ಇದೇ ಮನುಷ್ಯ, ಸಾಲುಸಾಲು ಅಪಾಯ ಕಾಣುತ್ತಿದ್ದರೂ ಕೊನೆಗೆ ವೇನ್‌ಗ್ರೋ ತಂಗಿದ ಹೋಟೆಲಿಗೆ ನುಗ್ಗುತ್ತಾನೆ ಎಂಬುದೇ ತಕರಾರಿನ ಸಾರ.

ಆದರೆ ಅವನ ಪ್ರಸಿದ್ಧ ನಿಯಮವನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಬೆನ್ನಹಿಂದೆ ಪೊಲೀಸರ ಬಿಸಿ ತಾಗಿದರೆ 30 ಸೆಕೆಂಡಿನಲ್ಲಿ ಬಿಟ್ಟು ಹೋಗಲಾಗದಂಥದ್ದು ಯಾವುದನ್ನೂ ಹಚ್ಚಿಕೊಳ್ಳಬೇಡ, ಎಂಬುದು ಆ ನಿಯಮ. ಇದು ನೀಲನ ಸ್ವಂತದ್ದಲ್ಲ. ಜೈಲಿನ ಅಂಗಳದಲ್ಲಿ ಜೊತೆಗಿದ್ದವನು ಹೇಳುತ್ತಿದ್ದುದನ್ನು ಕ್ರಿಸ್‌ಗೆ ನೆನಪಿಸುತ್ತಾನೆ, ಆಮೇಲೆ ಕಾಫಿ ಕುಡಿಯುತ್ತ ಹ್ಯಾನಾಗೂ ಹೇಳುತ್ತಾನೆ. ಕಡ ತಂದ ನಿಯಮ. ಸಮುದ್ರದ ಎದುರಿಗಿರುವ ಅವನ ಮನೆಯಲ್ಲಿ ಕುರ್ಚಿ ಮೇಜಿಲ್ಲ, ಉಡುವುದು ಬೂದು ಸೂಟು, ಬಿಳಿ ಅಂಗಿ, ಗುಂಪಿನಲ್ಲಿ ನಿಂತರೆ ಕಣ್ಣಿಗೆ ಬೀಳದ ವೇಷ. ಇವೆಲ್ಲ ನಿಯಮಕ್ಕೆ ತಕ್ಕಂತೆ ಇವೆ. ನಿಯಮ ಹೇಳದೆ ಬಿಟ್ಟದ್ದು ಒಂದು: ಹಚ್ಚಿಕೊಳ್ಳುವುದು ಪ್ರೀತಿಯನ್ನು ಮಾತ್ರವಲ್ಲ, ದ್ವೇಷವನ್ನೂ ಹಚ್ಚಿಕೊಳ್ಳಬಹುದು. ಮನೆ ಖಾಲಿ ಇಟ್ಟುಕೊಂಡವನು ವೇನ್‌ಗ್ರೋನನ್ನು ಮಾತ್ರ ಮನಸ್ಸಿನಿಂದ ಖಾಲಿ ಮಾಡಲಿಲ್ಲ.

ಎಣಿಸುತ್ತ ಹೋದರೆ ಕೊನೆಯ ತಿರುವಿಗೆ ಮೊದಲೇ ಅವನು ಹಲವು ಸಲ ಜಾರಿದ್ದಾನೆ. ಪುಸ್ತಕದಂಗಡಿಯಲ್ಲಿ ಕೆಲಸ ಮಾಡುವ ಈಡಿ (ಏಮಿ ಬ್ರೆನಮನ್) ಮಾತಿಗೆಳೆದಾಗ ಮೊದಲು ಗುರ್ ಅಂದವನು ಆಮೇಲೆ ಅವಳ ಮನೆಯ ತನಕ ಹೋಗುತ್ತಾನೆ. ಪೊಲೀಸರು ಬೆನ್ನು ಹತ್ತಿದ್ದಾರೆಂದು ಖಚಿತವಾಗಿ ಗೊತ್ತಾಗುತ್ತದೆ. ಗೊತ್ತಾಗುವುದಷ್ಟೇ ಅಲ್ಲ, ಬಂದರಿನ ಕಡೆ ಒಂದು ನಿರ್ಜನ ಜಾಗಕ್ಕೆ ಬೇಕೆಂದೇ ಹೋಗಿ ಏನೋ ಹೊಂಚು ಹಾಕುವಂತೆ ನಟಿಸಿ, ಆಮೇಲೆ ಅದೇ ಜಾಗ ನೋಡಲು ಬಂದ ಹ್ಯಾನಾ ತಂಡದ ಫೋಟೋ ತೆಗೆದುಕೊಳ್ಳುತ್ತಾನೆ. ಬೇಟೆಗಾರನನ್ನೇ ಬೇಟೆಯಾಡಿದ ಆ ದೃಶ್ಯ ನೋಡುವಾಗ ಹಿಗ್ಗುವ ನಾವು ಅದರ ಮುಂದಿನ ಹೆಜ್ಜೆ ಗಮನಿಸುವುದಿಲ್ಲ: ಇಷ್ಟು ತಿಳಿದ ಮೇಲೂ ಅವನು ಬ್ಯಾಂಕ್ ದರೋಡೆ ಕೈಬಿಡುವುದಿಲ್ಲ. ಉಗ್ರಾಣದ ರಾತ್ರಿಯ ನೀಲ್ ಆಗಿದ್ದರೆ ಬಿಡುತ್ತಿದ್ದ. 1.2 ಕೋಟಿ ಡಾಲರ್ ಆಸುಪಾಸಿನ ಹಣ, ಒಂದೇ ಕೆಲಸಕ್ಕೆ ನಿವೃತ್ತಿ. ಅಲ್ಲಿಯೇ ಅವನ ತಕ್ಕಡಿಯ ಮುಳ್ಳು ವಾಲಿದೆ.

ದರೋಡೆಯ ಬೆಳಗ್ಗೆ ಇನ್ನೊಂದು. ವಾಹನ ಓಡಿಸಬೇಕಿದ್ದ ಟ್ರೇಹೋ ಪೊಲೀಸರು ಹಿಂದೆ ಬಿದ್ದಿದ್ದಾರೆ, ಬರಲಾಗುವುದಿಲ್ಲ ಎಂದು ತಿಳಿಸುತ್ತಾನೆ. ಕಡೇ ಗಳಿಗೆಯಲ್ಲಿ ಚಾಲಕನಿಲ್ಲ. ನೀಲ್ ಕೂತ ಹೋಟೆಲಿನಲ್ಲೇ ಒಲೆ ಮುಂದೆ ಬೇಯುತ್ತಿರುವ ಹಳೇ ಜೈಲು ಸ್ನೇಹಿತ ಬ್ರೀಡನ್‌ನನ್ನು ನಿಂತ ಕಾಲಲ್ಲಿ ಕೇಳುತ್ತಾನೆ, ಅವನು ಏಪ್ರನ್ ಬಿಚ್ಚಿ ಬಂದೇಬಿಡುತ್ತಾನೆ. ತಾಲೀಮಿಲ್ಲದ ಚಾಲಕ! ಬ್ಯಾಂಕಿನ ಅಲಾರಂ ವ್ಯವಸ್ಥೆಯ ಸರ್ಕ್ಯೂಟ್ ಬೋರ್ಡುಗಳನ್ನೇ ಮೊದಲೇ ಬದಲಿಸಿಟ್ಟಷ್ಟು ಹುಷಾರಿನ ಯೋಜನೆಯಲ್ಲಿ ಇದು ಎಷ್ಟು ದೊಡ್ಡ ರಂಧ್ರ ಎಂಬುದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ಬ್ರೀಡನ್ ಸಾಯುವುದು ಸ್ಟೀರಿಂಗ್ ಮುಂದೆಯೇ.

ಪೊಲೀಸರಿಗೆ ಬ್ಯಾಂಕಿನ ಸುಳಿವು ಹೋದದ್ದು ಹೇಗೆ ಎಂದು ಹಿಂದಕ್ಕೆ ಬಿಡಿಸುತ್ತ ಹೋದರೆ ದಾರ ಮತ್ತೆ ಪಾರ್ಕಿಂಗ್ ಜಾಗಕ್ಕೇ ಬಂದು ನಿಲ್ಲುತ್ತದೆ. ಬಾಂಡ್ ಕಳೆದುಕೊಂಡ ಹಣದ ಕುಳ ವ್ಯಾನ್ ಝ್ಯಾಂಟ್, ಇನ್ಶೂರೆನ್ಸ್ ಹಣವೂ ಸಿಕ್ಕಿ ಬಾಂಡೂ ಕಡಿಮೆ ದರಕ್ಕೆ ವಾಪಸ್ ಬರುವ ವ್ಯಾಪಾರವನ್ನು ಒಪ್ಪಿಕೊಂಡಂತೆ ಮಾಡಿ, ಹಳೇ ಡ್ರೈವ್-ಇನ್ ಚಿತ್ರಮಂದಿರದಲ್ಲಿ ನೀಲನನ್ನು ಕೊಲ್ಲಿಸಲು ನೋಡುತ್ತಾನೆ. ನೀಲ್ ಬದುಕುವುದು ಮೇಲೆ ರೈಫಲ್ ಹಿಡಿದು ಕಾಯುತ್ತಿದ್ದ ಕ್ರಿಸ್‌ನಿಂದ. ಹೆದರಿದ ವ್ಯಾನ್ ಝ್ಯಾಂಟ್ ಬಳಿ ಬಂದು ಸೇರಿಕೊಳ್ಳುವವನು ವೇನ್‌ಗ್ರೋ. ಟ್ರೇಹೋನ ಮನೆಗೆ ಹೋಗಿ ಅವನನ್ನು ಹಿಂಸಿಸಿ ಬ್ಯಾಂಕಿನ ವಿಷಯ ಕಕ್ಕಿಸುವವನೂ ಅವನೇ. ಹೀಗೆ ನಾಲ್ಕು ಕೊಂಡಿ ದಾಟಿ ಸುಳಿವು ಹ್ಯಾನಾನ ಮೇಜಿಗೆ ಬೀಳುತ್ತದೆ. ಗುಂಪಿನ ಇನ್ನೊಬ್ಬ ಚೆರಿಟೊ ಸತ್ತ, ಬ್ರೀಡನ್ ಸತ್ತ, ಟ್ರೇಹೋ ದಂಪತಿ ಸತ್ತರು, ಕ್ರಿಸ್‌ಗೆ ಗುಂಡೇಟು. ಹಾದುಹೋದ ಒಂದು ಪೊಲೀಸ್ ಕಾರಿನ ಬೆಲೆ ಇಷ್ಟು. ಇದನ್ನೆಲ್ಲ ಲೆಕ್ಕ ಬರೆದಿಟ್ಟುಕೊಂಡವನಿಗೆ ಆ ಹೆಸರು ಕೇಳಿದೊಡನೆ ಕೈ ತುರಿಸುವುದು ಸಹಜ. ಬ್ಯಾಂಕಿನ ನಂತರ ಊರು ಬಿಡುವ ಬದಲು ವ್ಯಾನ್ ಝ್ಯಾಂಟ್‌ನ ಮನೆಗೆ ಗಾಜು ಒಡೆದು ನುಗ್ಗಿ, ಮೊದಲು ಕೇಳುವ ಪ್ರಶ್ನೆಯೇ ವೇನ್‌ಗ್ರೋ ಎಲ್ಲಿ ಎಂದು. ಅಂದರೆ ಹೋಟೆಲಿಗೆ ಹೋಗುವ ತೀರ್ಮಾನ ಸುರಂಗದಲ್ಲಿ ಹುಟ್ಟಿದ್ದಲ್ಲ, ಅಲ್ಲಿ ಜಾರಿಯಾಯಿತು.

ಈಗ ಆ ದೃಶ್ಯ. ನೀಲ್ ಕಾರು ಓಡಿಸುತ್ತಿದ್ದಾನೆ, ಪಕ್ಕದಲ್ಲಿ ಈಡಿ. ಮಧ್ಯವರ್ತಿ ನೇಟ್ (ಜಾನ್ ವಾಯ್ಟ್) ಫೋನಿನಲ್ಲಿ ಪಲಾಯನದ ವಿವರದ ಜೊತೆಗೆ ವೇನ್‌ಗ್ರೋ ವಿಮಾನ ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ ಸುಳ್ಳು ಹೆಸರಿನಲ್ಲಿ ಇದ್ದಾನೆ ಅನ್ನುತ್ತಾನೆ. ಕಾರು ಸುರಂಗಕ್ಕೆ ಹೊಕ್ಕಾಗ ಬಿಳಿ ಬೆಳಕು ಎಷ್ಟು ತುಂಬುತ್ತದೆಂದರೆ ಬಣ್ಣಗಳೇ ಕಳೆದುಹೋಗುತ್ತವೆ. ಡಿ ನೀರೋ ಮುಖದಲ್ಲಿ ಮೊದಲು ಹಗುರವಾದ ಒಂದು ನಗೆ ಇದೆ. ಬೆಳಕು ದಾಟುವಾಗ ಅದು ನಿಧಾನಕ್ಕೆ ಆರುತ್ತದೆ, ದವಡೆ ಬಿಗಿಯುತ್ತದೆ. ಮಾತೇ ಇಲ್ಲ. ಆಮೇಲೆ ಲೇನ್ ಕತ್ತರಿಸಿ ಕಾರು ಹೊರದಾರಿಗೆ ತಿರುಗುತ್ತದೆ. ಮನಸ್ಸು ಬದಲಾಗುವುದನ್ನು ಇಷ್ಟು ಸ್ಪಷ್ಟವಾಗಿ, ಒಂದು ಸಂಭಾಷಣೆಯನ್ನೂ ಖರ್ಚು ಮಾಡದೆ ತೋರಿಸಿದ ಕ್ರೈಮ್ ಚಿತ್ರಗಳು ಕಡಿಮೆ.

ಹೋಟೆಲಿನಲ್ಲಿ ಗಮನಿಸಬೇಕಾದ್ದು ಅವನ ಕೆಲಸದ ಕ್ರಮ. ಈಡಿಯನ್ನು ಕಾರಿನಲ್ಲೇ ಇರಲು ಹೇಳಿ ಹೋಗುತ್ತಾನೆ. ಒಳಗೆ ಫೈರ್ ಅಲಾರಂ ಎಳೆದು ಇಡೀ ಕಟ್ಟಡವನ್ನು ಗಲಿಬಿಲಿಗೆ ದೂಡುತ್ತಾನೆ, ಜನ ಕೆಳಗಿಳಿಯುವಾಗ ತಾನು ಮೇಲೇರುತ್ತಾನೆ. ಬಾಗಿಲ ಹೊರಗೆ ಹೋಟೆಲ್ ಸೆಕ್ಯುರಿಟಿಯವನ ದನಿಯಲ್ಲಿ ಮಾತಾಡಿ ತೆರೆಸುತ್ತಾನೆ. ತನ್ನ ಮುಖ ನೋಡುವಂತೆ ಮಾಡಿಯೇ ಗುಂಡು ಹಾರಿಸುತ್ತಾನೆ. ವಿಧಾನ ಪೂರ್ತಿ ಹಳೇ ನೀಲನದೇ, ಅದೇ ಅಚ್ಚುಕಟ್ಟು. ಕೆಟ್ಟದ್ದು ತೀರ್ಮಾನ ಒಂದೇ. ಸ್ವಭಾವ ಬಿಟ್ಟು ವರ್ತಿಸುವ ಪಾತ್ರ ಬರೆಯುವವರು ಇಲ್ಲಿ ಕಲಿಯಬೇಕು: ಗುರಿ ತಪ್ಪಿದರೂ ಕೈಯ ಪಳಗು ತಪ್ಪಬಾರದು. ಕೈಯೂ ತಪ್ಪಿದರೆ ಪ್ರೇಕ್ಷಕ ಅದನ್ನು ಲೇಖಕನ ಸೋಮಾರಿತನ ಎಂದೇ ಓದುತ್ತಾನೆ.

ಹೊರಗೆ ಬಂದಾಗ ನಿಯಮ ಅವನನ್ನೇ ಅಡ್ಡಗಟ್ಟುತ್ತದೆ. ಈಡಿ ಕಾರಿನ ಪಕ್ಕ ನಿಂತು ನೋಡುತ್ತಿದ್ದಾಳೆ, ಆ ಕಡೆ ಗುಂಪು ಸೀಳಿಕೊಂಡು ಹ್ಯಾನಾ ಬರುತ್ತಿದ್ದಾನೆ. ನೀಲ್ ಅವಳನ್ನು ನೋಡುತ್ತ ನೋಡುತ್ತ ಹಿಂದೆ ಸರಿದು ಓಡುತ್ತಾನೆ. ದ್ವೇಷಕ್ಕಾಗಿ ಮುರಿದ ನಿಯಮವನ್ನು ಪ್ರೀತಿಯ ಮೇಲೆ ಮಾತ್ರ ಚಾಚೂ ತಪ್ಪದೆ ಜಾರಿ ಮಾಡಿದ. ಇದಕ್ಕಿಂತ ಕಹಿಯಾದ ಸ್ವಭಾವ-ನಿಷ್ಠೆ ಇನ್ನೇನಿದೆ?

ಹಾಗಾದರೆ ಚಿತ್ರದಲ್ಲಿ ಯಾರೂ ಸ್ವಭಾವ ಬಿಟ್ಟು ನಡೆದಿಲ್ಲವೇ? ನಡೆದಿದ್ದಾರೆ, ಅದು ನೇಟ್. ಹ್ಯಾನಾ ಎಂಥ ಅಧಿಕಾರಿ ಎಂಬ ಪೂರ್ತಿ ಜಾತಕ ತಂದುಕೊಟ್ಟು ನೀಲನನ್ನು ಎಚ್ಚರಿಸಿದವನು ಇವನೇ. ವೇನ್‌ಗ್ರೋ ಇರುವ ಜಾಗವನ್ನು ಊರ ಕಳ್ಳರ ಕಿವಿಗೆ ಬೀಳುವಂತೆ ಹ್ಯಾನಾನೇ ಹರಡಿಸಿದ್ದಾನೆ, ಗಾಳಕ್ಕೆ ಸಿಕ್ಕಿಸಿದ ಎರೆಹುಳು ಅದು. ಇಷ್ಟು ಸುಲಭವಾಗಿ ಸಿಕ್ಕ ಸುದ್ದಿಯ ವಾಸನೆ ನೇಟ್‌ನಂಥ ಹಳೇ ಹುಲಿಗೆ ಬಡಿಯಲಿಲ್ಲವೇ? ಗೆಳೆತನದ ನಿಷ್ಠೆ ಅನ್ನಬಹುದು. ಆದರೂ ಚಿತ್ರದ ನಿಜವಾದ ದುರ್ಬಲ ಹೊಲಿಗೆ ಇಲ್ಲಿದೆ, ಡಿ ನೀರೋ ಮುಖ ನೋಡುವುದರಲ್ಲಿ ಮೈಮರೆತ ನಾವು ಅದನ್ನು ಕಾಣುವುದಿಲ್ಲ. ಈಡಿಯ ಪಾತ್ರವೂ ತೆಳು. ಪರಿಚಯವಾಗಿ ಹೆಚ್ಚು ದಿನವಾಗದ ಗಂಡಸು ಕೊಲೆಗಾರ ಎಂದು ಟಿವಿಯಲ್ಲಿ ನೋಡಿದ ಮೇಲೂ ಹೊರಟು ನಿಲ್ಲುವುದಕ್ಕೆ ಒಂಟಿತನ ಬಿಟ್ಟರೆ ಬೇರೆ ಕಾರಣ ಕೊಟ್ಟಿಲ್ಲ. ವೇನ್‌ಗ್ರೋನನ್ನು ಹುಡುಗಿಯರನ್ನು ಕೊಲ್ಲುವವನನ್ನಾಗಿಯೂ ಮಾಡಿದ್ದು ಅಗತ್ಯಕ್ಕಿಂತ ಹೆಚ್ಚು. ಅವನು ಸಾಯಲಿ ಎಂದು ನಾವೂ ಬಯಸುವಂತೆ ಮಾಡುವ ಹೊರಗಿನ ಒತ್ತಡ ಅದು, ನೀಲನ ಕಾರಣಕ್ಕೆ ಅದು ಬೇಕಿರಲಿಲ್ಲ.

ಕ್ರಿಸ್ ಜೊತೆಗಿಟ್ಟು ನೋಡಿದರೆ ತಮಾಷೆ. ಜೂಜುಕೋರ, ಮನೆಯಲ್ಲಿ ಜಗಳ, ಗುಂಪಿನಲ್ಲಿ ಅತಿ ಕಡಿಮೆ ಶಿಸ್ತಿನವನು. ಹೆಂಡತಿ ಶಾರ್ಲೀನ್‌ಳನ್ನು ಪೊಲೀಸರು ಗಾಳವಾಗಿ ಬಾಲ್ಕನಿಯಲ್ಲಿ ನಿಲ್ಲಿಸಿದ್ದಾರೆ. ಕೆಳಗೆ ಬಂದ ಗಂಡನಿಗೆ ಅವಳು ಕೈಯನ್ನು ಒಂದಿಷ್ಟೇ ಅಡ್ಡಡ್ಡ ಆಡಿಸುತ್ತಾಳೆ. ಅವನ ಮುಖದ ನಗು ಇಳಿಯುತ್ತದೆ, ಕಾರು ಹತ್ತಿ ಹೋಗಿಬಿಡುತ್ತಾನೆ. 30 ಸೆಕೆಂಡಿನ ನಿಯಮವನ್ನು ಪಾಲಿಸಿ ಬದುಕಿದವನು ಅವನೊಬ್ಬನೇ.

ನೀಲ್ ಮೆಕಾಲೆ ಎಂಬ ಹೆಸರಿನ ದರೋಡೆಕೋರ ನಿಜವಾಗಿಯೂ ಇದ್ದ. ಷಿಕಾಗೋದ ಪತ್ತೇದಾರ ಚಕ್ ಆಡಮ್ಸನ್ ಅವನೊಡನೆ ಕಾಫಿ ಕುಡಿದದ್ದೂ ನಿಜ, 1964ರಲ್ಲಿ ದರೋಡೆಯೊಂದರ ನಂತರ ಅವನು ಪೊಲೀಸರ ಗುಂಡಿಗೆ ಸತ್ತದ್ದೂ ನಿಜ. ಮ್ಯಾನ್ ಇದೇ ಕಥೆಯನ್ನು 1989ರಲ್ಲಿ ಟಿವಿಗಾಗಿ ಚಿಕ್ಕದಾಗಿ ಮಾಡಿದ್ದರು.

ಇನ್ನು ಡಿಸ್ಕ್. ಚಿತ್ರದ ಅಗಲ-ಎತ್ತರದ ಅನುಪಾತ 2.39:1, ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವುದು ದೋಷವಲ್ಲ. ಬಣ್ಣ ಹಳೇ ಡಿಸ್ಕುಗಳಿಗಿಂತ ತಣ್ಣಗೆ, ನೀಲಿಯತ್ತ ವಾಲಿದೆ, ಒಟ್ಟಾರೆ ಕತ್ತಲೆಯೂ ಹೆಚ್ಚು. ಹಳೆಯದನ್ನೇ ನೋಡಿ ಬೆಳೆದವರಿಗೆ ಮೊದಲ ಹತ್ತು ನಿಮಿಷ ಕಸಿವಿಸಿ. ಟಿವಿಯನ್ನು ಬಣ್ಣ ಗಾಢವಾಗಿಸುವ 'ವಿವಿಡ್' ಮೋಡಿನಲ್ಲಿಟ್ಟು ಅದನ್ನು ಸರಿಪಡಿಸಲು ಹೋಗಬೇಡಿ, ಮುಖಗಳು ಮೇಣದ ಗೊಂಬೆಗಳಾಗುತ್ತವೆ. ಸಿನಿಮಾ ಮೋಡ್ ಅಥವಾ ಫಿಲ್ಮ್‌ಮೇಕರ್ ಮೋಡ್ ಇಡಿ, ಚಲನೆಯನ್ನು ನುಣುಪಾಗಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ.

ಸದ್ದಿನ ವಿಷಯಕ್ಕೆ ಬಂದರೆ, ಬ್ಯಾಂಕಿನ ಕಾಳಗದ ಗುಂಡಿನ ಸದ್ದನ್ನು ಸ್ಟುಡಿಯೋದಲ್ಲಿ ಸೇರಿಸುವ ಬದಲು ಚಿತ್ರೀಕರಣದ ಜಾಗದಲ್ಲೇ ಹಿಡಿದದ್ದನ್ನು ಉಳಿಸಿಕೊಂಡಿದ್ದಾರೆ. ಎತ್ತರದ ಕಟ್ಟಡಗಳಿಗೆ ಬಡಿದು ವಾಪಸ್ ಬರುವ ಆ ಪ್ರತಿಧ್ವನಿಯೇ ಅದರ ಜೀವ. ತೊಂದರೆ ಏನೆಂದರೆ ಅದಕ್ಕೆ ಮೊದಲಿನ ಮಾತುಕತೆಗಳು ತೀರಾ ಮೆಲ್ಲಗಿವೆ. ಮಾತು ಕೇಳಲೆಂದು ದನಿ ಏರಿಸಿದವರ ಮನೆಬಾಗಿಲನ್ನು ಬ್ಯಾಂಕಿನ ದೃಶ್ಯಕ್ಕೆ ಪಕ್ಕದ ಮನೆಯವರು ಬಂದು ತಟ್ಟುತ್ತಾರೆ. ದೊಡ್ಡ ಸದ್ದನ್ನು ತಗ್ಗಿಸುವ ನೈಟ್ ಮೋಡ್ ಹಾಕಿದರೆ ಪ್ರತಿಧ್ವನಿ ಸತ್ತುಹೋಗುತ್ತದೆ. ಮಾತು ಬರುವ ಸೆಂಟರ್ ಸ್ಪೀಕರ್ ಒಂದನ್ನೇ 2-3 ಡೆಸಿಬೆಲ್ ಏರಿಸಿ ಒಟ್ಟು ದನಿ ಇಳಿಸುವುದು ಉತ್ತಮ ಉಪಾಯ. ಸೌಂಡ್‌ಬಾರ್ ಇದ್ದವರು ಸಬ್‌ಟೈಟಲ್ ಹಾಕಿಕೊಳ್ಳುವುದೇ ಮೇಲು.

4ಕೆ ಡಿಸ್ಕಿಗೆ ರೀಜನ್ ಕಟ್ಟುಪಾಡಿಲ್ಲ, ಅಂದರೆ ಇಂಥ ದೇಶದ ಪ್ಲೇಯರಿನಲ್ಲಿ ಮಾತ್ರ ಓಡಬೇಕೆಂಬ ಬೀಗವಿಲ್ಲ, ಎಲ್ಲಿಂದ ತರಿಸಿದರೂ ನಮ್ಮ 4ಕೆ ಪ್ಲೇಯರಿನಲ್ಲಿ ಓಡುತ್ತದೆ. ಜೊತೆಗೆ ಬರುವ ಮಾಮೂಲಿ ಬ್ಲೂರೇ ವಿಷಯದಲ್ಲಿ ಆ ಭರವಸೆಯಿಲ್ಲ: ಭಾರತ ಸಿ ರೀಜನ್, ಅಮೆರಿಕ ಎ. ಹೆಚ್ಚುವರಿ ಸರಕೆಲ್ಲ ಬ್ಲೂರೇಯಲ್ಲೇ ಇರುವ ಸೆಟ್‌ಗಳಲ್ಲಿ ಇದು ಮುಖ್ಯವಾಗುತ್ತದೆ, ಕೊಳ್ಳುವ ಮೊದಲು ಹಿಂಬದಿ ಓದಿ. ಮ್ಯಾನ್ ಅವರ ವ್ಯಾಖ್ಯಾನದ ಟ್ರ್ಯಾಕ್ ಒಂದಕ್ಕೇ ಕೊಟ್ಟ ದುಡ್ಡು ವಸೂಲಿ. ಕ್ರಿಸ್ಟೋಫರ್ ನೋಲನ್ ನಡೆಸಿಕೊಟ್ಟ ಸಂವಾದವೂ ಚೆನ್ನಾಗಿದೆ, ಒಮ್ಮೆ ನೋಡಬಹುದು. ಹಳೇ ಬ್ಲೂರೇ ಈಗಾಗಲೇ ಇದ್ದು, ಟಿವಿ 43 ಇಂಚಿಗಿಂತ ಚಿಕ್ಕದಿದ್ದರೆ ಮತ್ತೆ ಕೊಳ್ಳುವ ಅಗತ್ಯ ಕಾಣುವುದಿಲ್ಲ.

ದೊಡ್ಡ ಪರದೆಯಿದ್ದವರಿಗೆ ಡಿಸ್ಕ್ ಬೇಕಾಗುವುದು ಕೊನೆಯ ದೃಶ್ಯಕ್ಕೆ. ವಿಮಾನ ನಿಲ್ದಾಣದ ಬಯಲು, ರಾತ್ರಿ, ಕೆಂಪು-ಬಿಳಿ ಚೌಕಳಿ ಬಳಿದ ಪೆಟ್ಟಿಗೆಗಳ ಮರೆ. ವಿಮಾನ ಇಳಿಯುವಾಗ ದೀಪಗಳು ಹೊತ್ತಿಕೊಳ್ಳುತ್ತವೆ, ಆಮೇಲೆ ಆರುತ್ತವೆ. ಹ್ಯಾನಾನ ಕಣ್ಣು ಬೆಳಕಿಗೆ ಕುರುಡಾದ ಗಳಿಗೆ ನೋಡಿ ಹೊಡೆಯಬೇಕೆಂದು ನೀಲ್ ಮರೆಯಿಂದ ಹೊರಗೆ ಬರುತ್ತಾನೆ. ಅದೇ ದೀಪ ಅವನ ನೆರಳನ್ನು ಹ್ಯಾನಾನ ಮುಂದಿನ ನೆಲಕ್ಕೆ ಚೆಲ್ಲುತ್ತದೆ, ಹ್ಯಾನಾ ತಿರುಗಿ ಹೊಡೆಯುವುದು ಆ ನೆರಳು ಕಂಡು. ಸ್ಟ್ರೀಮಿಂಗ್‌ನಲ್ಲಿ, ಅಂಚಿನಿಂದ ಬೆಳಕು ಬರುವ ಅಗ್ಗದ ಎಲ್‌ಇಡಿ ಟಿವಿಯಲ್ಲಿ, ಆ ನೆಲ ಬರೀ ಬೂದು ಮುದ್ದೆಯಾಗಿ ಕಂಡು ನೆರಳೇ ಮಾಯವಾಗುತ್ತದೆ. ಹ್ಯಾನಾಗೆ ಹೇಗೆ ಗೊತ್ತಾಯಿತು ಎಂದು ಕೇಳುವವರು ಹೆಚ್ಚಾಗಿ ಹಾಗೆ ನೋಡಿದವರೇ. ಹೋಟೆಲಿನ ಫೈರ್ ಅಲಾರಂ ಬಡಿಯಲು ಶುರುವಾದ ಕೂಡಲೇ ಎದ್ದು ಕೋಣೆಯ ಟ್ಯೂಬ್‌ಲೈಟ್ ಆರಿಸಿ ಬನ್ನಿ.